ಕೂಸು ಬಡವಾಗದಿರಲಿ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕಡೆ ಬಡವಾಗುವುದು ಎಂದರೆ ಸೊರಗುವುದು, ಮೈ ಇಳಿಯುವುದು. ಗಾದೆ ಕಟ್ಟಿದ ಹಿರಿಯರು ಮಕ್ಕಳ ಮನಶ್ಶಾಸ್ತ್ರ ಓದಿರಲಿಲ್ಲ. ಕೂಸಿನ ಮೈ ನೋಡಿ ಅವರು ಆ ಮಾತು ಹೇಳಿದರು. ಎಸ್.ಎಸ್. ಬಡಾವಣೆಯ ನನ್ನ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದ ಮೇಲೆ ನಿಂತ ಕೆಲವು ಮಕ್ಕಳನ್ನು ನೋಡುವಾಗ ಅದು ಎಷ್ಟು ನಿಜವೆಂದು ನನಗೆ ಹಲವು ಬಾರಿ ಅನಿಸಿದೆ.

ಹಿಂದೆ ಗಂಡ ಹೆಂಡತಿ ಮುನಿಸಿಕೊಂಡರೆ ಒಬ್ಬರು ದಾವಣಗೆರೆಯಲ್ಲಿ, ಇನ್ನೊಬ್ಬರು ಹರಿಹರದಲ್ಲೋ ಚಿತ್ರದುರ್ಗದಲ್ಲೋ ಇರುತ್ತಿದ್ದರು. ಹಬ್ಬಕ್ಕೆ, ಜಾತ್ರೆಗೆ ಮಗು ಬಸ್ಸಿನಲ್ಲಿ ಅತ್ತಿಂದಿತ್ತ ಹೋಗಿ ಬರುತ್ತಿತ್ತು. ಇಂದು ನಮ್ಮೂರಿನಲ್ಲಿ ಎಂಜಿನಿಯರಿಂಗ್, ನರ್ಸಿಂಗ್ ಓದಿದ ಹುಡುಗ ಹುಡುಗಿಯರು ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿದ್ದಾರೆ. ಸಂಸಾರ ಒಡೆದಾಗ ಒಬ್ಬರು ಅಲ್ಲಿಯೇ ಉಳಿಯುತ್ತಾರೆ, ಒಬ್ಬರು ಇಲ್ಲಿಗೆ ಬರುತ್ತಾರೆ. ಮಗು ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೆ ಈಗ ಪಾಸ್‌ಪೋರ್ಟು, ವೀಸಾ, ಎರಡು ದೇಶಗಳ ನ್ಯಾಯಾಲಯಗಳು ಸೇರಿಕೊಂಡಿವೆ. ಆರೋಗ್ಯದ ಅಂಕಣದಲ್ಲಿ ಕೋರ್ಟಿನ ವಿಷಯವೇಕೆ ಎಂದು ನೀವು ಕೇಳಬಹುದು. ಆ ಜಗಳ ಕೋರ್ಟಿಗೆ ಹೋಗುವ ಮೊದಲು ಎಷ್ಟೋ ಸಲ ವೈದ್ಯರ ಮೇಜಿಗೆ ಬರುತ್ತದೆ. ಅಲ್ಲಿ ವೈದ್ಯರೂ ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೇನೆ.

ನಾನು ಬರೆದ ಒಂದು ಚೀಟಿ

ಕೆಲವು ವರ್ಷಗಳ ಹಿಂದಿನ ಮಾತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತಿದ್ದೇನೆ. ಏಳು ವರ್ಷದ ಹುಡುಗನನ್ನು ಅವನ ಅಜ್ಜಿ ಕರೆತಂದಿದ್ದರು. ಎರಡು ತಿಂಗಳಿಂದ ಹೊಟ್ಟೆನೋವು. ಹೊಕ್ಕುಳ ಸುತ್ತ ಕೈ ತೋರಿಸುತ್ತಿದ್ದ. ಊಟ ಕಡಿಮೆಯಾಗಿತ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಮೂರು ವರ್ಷವಾಗಿದ್ದ ಹುಡುಗ ಮತ್ತೆ ಶುರು ಮಾಡಿದ್ದ. ಹಳೆಯ ಚೀಟಿ ತೆಗೆದು ನೋಡಿದರೆ ಎಂಟು ತಿಂಗಳಲ್ಲಿ ತೂಕ ಒಂದು ಗ್ರಾಮೂ ಏರಿರಲಿಲ್ಲ. ಮೂತ್ರ, ರಕ್ತ, ಸಕ್ಕರೆ, ಮಲ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆ. ಯಾವುದರಲ್ಲೂ ದೋಷವಿರಲಿಲ್ಲ.

ಹುಡುಗನ ತಂದೆ ಅಮೆರಿಕದಲ್ಲಿದ್ದರು. ತಾಯಿ ಮಗುವಿನೊಂದಿಗೆ ತವರಿಗೆ ಬಂದು ವರ್ಷವಾಗಿತ್ತು. ತಂದೆ ಹತ್ತು ದಿನದ ರಜೆಯ ಮೇಲೆ ಬರುವವರಿದ್ದರು. ಮಗನನ್ನು ಮರಳಿ ಕರೆದೊಯ್ಯುತ್ತೇನೆ ಎಂದು ಹೇಳಿದ್ದರಂತೆ. ಅಜ್ಜಿ ಹುಡುಗನನ್ನು ಹೊರಗೆ ಕೂರಿಸಿ ಬಂದು, “ಡಾಕ್ಟ್ರೇ, ಹುಡುಗಂಗೆ ವಿಮಾನದ ಪ್ರಯಾಣ ಆಗಲ್ಲ, ಮೂರು ವಾರ ರೆಸ್ಟ್ ಬೇಕು ಅಂತ ಒಂದು ಚೀಟಿ ಬರ್ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದರು. ಆ ಮನೆಯವರು ನನಗೆ ಬಹಳ ವರ್ಷದಿಂದ ಪರಿಚಿತರು. ಹುಡುಗನ ಹೊಟ್ಟೆನೋವು ಸುಳ್ಳಾಗಿರಲಿಲ್ಲ. ಅಷ್ಟು ನೆಪ ಸಾಕಾಯಿತು. ಬರೆದುಕೊಟ್ಟೆ.

ಆ ಚೀಟಿ ಕೋರ್ಟಿಗೆ ಹೋಗಲಿಲ್ಲ. ಮನೆಯ ಬಾಗಿಲಲ್ಲೇ ಕೆಲಸ ಮಾಡಿತು. ತಂದೆ ಬಂದಾಗ “ಡಾಕ್ಟ್ರು ರೆಸ್ಟ್ ಬರ್ದಾರೆ, ಹುಡುಗ ಯಾರನ್ನೂ ನೋಡಂಗಿಲ್ಲ” ಎಂದು ತೋರಿಸಿದರಂತೆ. ಎರಡು ಸಲ ಬಂದ ತಂದೆ ಗೇಟಿನಿಂದಲೇ ಹಿಂದಿರುಗಿ, ರಜೆ ಮುಗಿದು ಹೊರಟುಹೋದರು. ತಿಂಗಳ ನಂತರ ಹುಡುಗ ಮತ್ತೆ ಬಂದ. ನೋವು ಹೆಚ್ಚಾಗಿತ್ತು. ಪರೀಕ್ಷೆಗೆ ಮಲಗಿಸಿದಾಗ ಅವನು ಮೆಲ್ಲಗೆ ಕೇಳಿದ: “ಡಾಕ್ಟರ್ ಅಂಕಲ್, ನಂಗೆ ಹೊಟ್ಟೆನೋವು ಬಂದಿದ್ದಕ್ಕೆ ಅಪ್ಪ ವಾಪಸ್ ಹೋದ್ರಾ?”

ನನ್ನ ಬಳಿ ಉತ್ತರವಿರಲಿಲ್ಲ. ಮಗುವಿನ ನೋವಿಗೆ ಔಷಧ ಕೊಡಬೇಕಾದ ನಾನು ಆ ನೋವನ್ನೇ ಅವನ ಅಪ್ಪನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದೆ. ಅಂದಿನಿಂದ ಅಂಥ ಚೀಟಿ ಬರೆದಿಲ್ಲ.

ಮಗುವಿನ ಮೈ ಹೇಳುವ ಮಾತು

ದೊಡ್ಡವರು ದುಃಖವನ್ನು ಬಾಯಿಬಿಟ್ಟು ಹೇಳುತ್ತಾರೆ. ಮಕ್ಕಳಿಗೆ ಅದು ಬಾರದು. ಅವರ ದುಃಖ ಹೊಟ್ಟೆನೋವು, ತಲೆನೋವು, ನಿದ್ದೆಯಲ್ಲಿ ಬೆಚ್ಚುವುದು, ಉಗುರು ಕಚ್ಚುವುದು, ಶಾಲೆಗೆ ಹೋಗಲು ಹಟ ಹಿಡಿಯುವುದು, ಹಾಸಿಗೆ ಒದ್ದೆ ಮಾಡುವುದು ಇಂಥ ರೂಪದಲ್ಲಿ ಹೊರಬರುತ್ತದೆ. ಇದು ನಟನೆಯಲ್ಲ. ಆತಂಕವಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಕರುಳಿನ ನರಗಳು ಸೂಕ್ಷ್ಮವಾಗುತ್ತವೆ. ಮಗುವಿಗೆ ನಿಜವಾಗಿಯೂ ನೋವಾಗುತ್ತದೆ.

ಹಾಗೆಂದು ತಂದೆ ತಾಯಿ ದೂರವಾದ ಮಗುವಿನ ಹೊಟ್ಟೆನೋವನ್ನೆಲ್ಲ ಮನಸ್ಸಿನದೆಂದು ತಳ್ಳಿಹಾಕಬಾರದು. ನೋವಿನಿಂದ ರಾತ್ರಿ ನಿದ್ದೆ ಒಡೆದು ಏಳುವುದು, ಜ್ವರ, ಮೇಲಿಂದ ಮೇಲೆ ವಾಂತಿ, ಮಲದಲ್ಲಿ ರಕ್ತ, ಮೂತ್ರ ಮಾಡುವಾಗ ಉರಿ, ತೂಕ ಇಳಿಯುವುದು ಇದ್ದರೆ ಮೊದಲು ತಪಾಸಣೆ ಆಗಲೇಬೇಕು. ಆರು ತಿಂಗಳಿಗೂ ಹೆಚ್ಚು ಕಾಲ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಶುರು ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ ಇವೆಯೇ ನೋಡಬೇಕು. ಜೊತೆಗೆ ಬಾಯಾರಿಕೆ ಹೆಚ್ಚಿದ್ದರೆ ಅಂದೇ ರಕ್ತದ ಸಕ್ಕರೆ ಪರೀಕ್ಷಿಸಿ. ಮಕ್ಕಳ ಸಕ್ಕರೆ ಕಾಯಿಲೆ ಹೀಗೆಯೇ ಕಾಣಿಸಿಕೊಳ್ಳಬಹುದು. ಐದರಿಂದ ಹತ್ತು ವರ್ಷದ ಮಗು ವರ್ಷಕ್ಕೆ ಸುಮಾರು 2 ಕೆ.ಜಿ.ಯಾದರೂ ಏರಬೇಕು. ಏರದಿದ್ದರೆ ಕಾರಣ ಹುಡುಕಬೇಕು.

ವಯಸ್ಸಿಗೆ ತಕ್ಕಂತೆ ಮಗು ಅಗಲಿಕೆಯನ್ನು ಬೇರೆ ಬೇರೆ ರೀತಿ ತೆಗೆದುಕೊಳ್ಳುತ್ತದೆ. ಎರಡು ಮೂರು ವರ್ಷದ ಕೂಸು ನಿತ್ಯ ಕಾಣುತ್ತಿದ್ದ ಮುಖ ಕಾಣದೆ ರಚ್ಚೆ ಹಿಡಿಯುತ್ತದೆ, ಕೈಯಲ್ಲಿದ್ದವರನ್ನು ಬಿಡದೆ ಅಂಟಿಕೊಳ್ಳುತ್ತದೆ. ನಾಲ್ಕರಿಂದ ಆರು ವರ್ಷದ ಮಗು ‘ನಾನು ಹಟ ಮಾಡಿದ್ದಕ್ಕೇ ಅಪ್ಪ ಹೋದರು’ ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಏಳರಿಂದ ಹನ್ನೊಂದರ ಮಕ್ಕಳಿಗೆ ಇನ್ನೊಂದು ಸಂಕಟ. ಅಮ್ಮನ ಮುಂದೆ ಅಪ್ಪನನ್ನು ನೆನೆದರೆ ಅಮ್ಮನಿಗೆ ದ್ರೋಹ, ಅಪ್ಪನ ಮುಂದೆ ಅಮ್ಮನನ್ನು ಹೊಗಳಿದರೆ ಅಪ್ಪನಿಗೆ ದ್ರೋಹ. ಹೀಗಾಗಿ ಎರಡೂ ಕಡೆ ಸುಮ್ಮನಿರುವುದನ್ನು ಕಲಿಯುತ್ತಾರೆ. ‘ನಮ್ಮ ಹುಡುಗ ಅಪ್ಪನನ್ನು ಕೇಳುವುದೇ ಇಲ್ಲ, ಮರೆತುಬಿಟ್ಟಿದ್ದಾನೆ’ ಎಂದು ನನಗೆ ಹೇಳಿದವರಿದ್ದಾರೆ. ಕೇಳದಿರುವುದಕ್ಕೂ ಮರೆಯುವುದಕ್ಕೂ ಬಹಳ ಅಂತರವಿದೆ.

ಕೋರ್ಟು ಏನನ್ನು ನೋಡುತ್ತದೆ?

ಈ ವಿಷಯದಲ್ಲಿ ಜನರಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. ‘ಇಂಡಿಯಾಕ್ಕೆ ಕರೆತಂದುಬಿಟ್ಟರೆ ಮುಗಿಯಿತು, ಯಾರೂ ಏನೂ ಮಾಡಲಾರರು’ ಎನ್ನುವವರು ಒಂದು ಕಡೆ. ‘ಅಮೆರಿಕದ ಕೋರ್ಟಿನ ಆದೇಶ ನನ್ನ ಹತ್ತಿರವಿದೆ, ಪೊಲೀಸರೇ ಮಗುವನ್ನು ತಂದುಕೊಡಬೇಕು’ ಎನ್ನುವವರು ಇನ್ನೊಂದು ಕಡೆ. ಎರಡೂ ಸರಿಯಲ್ಲ.

ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಬ್ಬ ಪಾಲಕರು ಕರೆದೊಯ್ದ ಮಗುವನ್ನು ಮರಳಿಸಲು 1980ರ ಹೇಗ್ ಒಪ್ಪಂದವೆಂಬುದಿದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕಬೇಕೆಂದು ಕಾನೂನು ಆಯೋಗ 2009ರಲ್ಲಿ ಶಿಫಾರಸು ಮಾಡಿತು. 2016ರಲ್ಲಿ ಕರಡು ಮಸೂದೆಯ ಮೇಲೆ ಇನ್ನೊಂದು ವರದಿ ಕೊಟ್ಟಿತು. ನ್ಯಾಯಮೂರ್ತಿ ರಾಜೇಶ್ ಬಿಂದಲ್ ಅವರ ಸಮಿತಿ 2018ರಲ್ಲಿ ವರದಿ ಸಲ್ಲಿಸಿ, ಇಂಥ ವ್ಯಾಜ್ಯಗಳಿಗೆ ಪ್ರತ್ಯೇಕ ಪ್ರಾಧಿಕಾರ ಬೇಕೆಂದಿತು. ಜಗಳ ಬಿಟ್ಟು ಹಿಂಸೆಯಿಂದ ತಪ್ಪಿಸಿಕೊಂಡು ತವರಿಗೆ ಬಂದ ತಾಯಂದಿರನ್ನು ಅಪಹರಣಕಾರರಂತೆ ಕಾಣಬಾರದು ಎಂಬ ಆಕ್ಷೇಪವೂ ಈ ಚರ್ಚೆಯಲ್ಲಿ ಬಲವಾಗಿಯೇ ಇದೆ. ಅದರಲ್ಲಿ ಹುರುಳಿದೆ. ಒಟ್ಟಿನಲ್ಲಿ ಪ್ರತ್ಯೇಕ ಕಾನೂನು ಬಂದಿಲ್ಲ. ಪ್ರತಿಯೊಂದು ಪ್ರಕರಣವನ್ನೂ ನ್ಯಾಯಾಲಯಗಳು ‘ಈ ಮಗುವಿನ ಹಿತ ಯಾವುದರಲ್ಲಿದೆ’ ಎಂದು ಕೇಳಿಯೇ ತೀರ್ಮಾನಿಸುತ್ತವೆ. ವಿದೇಶಿ ನ್ಯಾಯಾಲಯದ ಆದೇಶ ಗಮನಿಸಬೇಕಾದ ಅಂಶಗಳಲ್ಲಿ ಒಂದು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಹೇಳುತ್ತೇನೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಮಗುವನ್ನು ತಾಯಿ 2019ರಲ್ಲಿ ಭಾರತಕ್ಕೆ ಕರೆತಂದು ಇಲ್ಲಿಯೇ ಉಳಿದರು. ತಂದೆ ಅಲ್ಲಿನ ನ್ಯಾಯಾಲಯದಿಂದ ಆದೇಶ ಪಡೆದು ಕರ್ನಾಟಕ ಹೈಕೋರ್ಟಿಗೆ ಬಂದರು. ಮಗು ಮರಳಬೇಕೆಂದು ಹೈಕೋರ್ಟ್ ಹೇಳಿತು. ಆದರೆ ಅದು ಕೋವಿಡ್ ಕಾಲ. ಪರಿಸ್ಥಿತಿ ಅನುಕೂಲವಾಗಿದೆ ಎಂದು ಇಲ್ಲಿನ ಮತ್ತು ಅಲ್ಲಿನ ಆರೋಗ್ಯಾಧಿಕಾರಿಗಳಿಂದ ಪ್ರಮಾಣಪತ್ರ ತರಬೇಕೆಂದು ಷರತ್ತು ಹಾಕಿತು. ತಂದೆ ಸುಪ್ರೀಂ ಕೋರ್ಟಿಗೆ ಹೋದರು. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತುಗಳನ್ನು ತೆಗೆದುಹಾಕಿತು. ಸಾಂಕ್ರಾಮಿಕದ ಆ ದಿನಗಳಲ್ಲೂ ಒಂದು ಮಗು ಯಾವ ದೇಶದಲ್ಲಿ ಬೆಳೆಯಬೇಕೆಂಬ ಪ್ರಶ್ನೆ ವೈದ್ಯಾಧಿಕಾರಿಯ ಕಾಗದದ ಮೇಲೆ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಪ್ರಕರಣ ಹೊರ ರಾಜ್ಯದ್ದು, ಮಗುವಿನ ಕಾಯಿಲೆಗೇ ಸಂಬಂಧಿಸಿದ್ದು. ಮೂತ್ರಪಿಂಡದಲ್ಲಿ ಮೂತ್ರ ತುಂಬಿ ಊದುವ ತೊಂದರೆಯಿದ್ದ ಮಗುವನ್ನು ಶಸ್ತ್ರಚಿಕಿತ್ಸೆಗಾಗಿ 2019ರಲ್ಲಿ ಅಮೆರಿಕದಿಂದ ಭಾರತಕ್ಕೆ ಕರೆತಂದರು. ಇಂತಿಷ್ಟು ತಿಂಗಳು ಎಂದು ತಂದೆ ತಾಯಿ ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಶಸ್ತ್ರಚಿಕಿತ್ಸೆ ಆಯಿತು, ಗಡುವು ಮುಗಿಯಿತು, ಮಗು ಮರಳಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಜನವರಿಯಲ್ಲಿ ಮಗು ಮರಳಬೇಕು, ತಾಯಿ ಇಚ್ಛಿಸಿದರೆ ಜೊತೆಯಲ್ಲಿ ಹೋಗಬಹುದು, ಅದರ ಖರ್ಚು ತಂದೆ ಭರಿಸಬೇಕು ಎಂದು ತೀರ್ಪಾಯಿತು. ಚಿಕಿತ್ಸೆಗೆಂದು ಬಂದ ಮಗುವಿನ ಬಾಲ್ಯದ ಸುಮಾರು ಮೂರು ವರ್ಷ ಈ ಅನಿಶ್ಚಯದಲ್ಲಿಯೇ ಕಳೆದವು. ಗೆದ್ದವರಾರು, ಸೋತವರಾರು ಎಂಬುದಕ್ಕಿಂತ ವೈದ್ಯನಾಗಿ ನನ್ನನ್ನು ಕಾಡುವುದು ಆ ಮೂರು ವರ್ಷ.

ಇದರ ಜೊತೆಗೆ 2020ರ ಮತ್ತೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಗು ಯಾರ ಬಳಿಯಿದ್ದರೂ ಇಬ್ಬರ ಪ್ರೀತಿಯೂ ಅದರ ಹಕ್ಕು, ಪಾಲಕರು ಬೇರೆ ದೇಶಗಳಲ್ಲಿದ್ದರೆ ವಿಡಿಯೊ ಕರೆಯ ಮೂಲಕವಾದರೂ ಸಂಪರ್ಕವಿರಬೇಕು ಎಂದಿದೆ. ಈ ಹಕ್ಕು ತಂದೆಗೋ ತಾಯಿಗೋ ಮಾಡುವ ಉಪಕಾರವಲ್ಲ, ಮಗುವಿಗೆ ಸಲ್ಲಬೇಕಾದದ್ದು ಎಂಬುದು ನೆನಪಿರಲಿ.

ವೈದ್ಯರ ಚೀಟಿಯ ಬೆಲೆ

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮಗು ಇಲ್ಲಿ ಇರುವುದರಿಂದಲೋ ಅಲ್ಲಿಗೆ ಹೋಗುವುದರಿಂದಲೋ ತಾನಾಗಿಯೇ ಕೆಡುವುದಿಲ್ಲ. ಅಜ್ಜ ಅಜ್ಜಿಯರ ಮಡಿಲಲ್ಲಿ ದಾವಣಗೆರೆಯಲ್ಲಿ ಬೆಳೆದ ಮಕ್ಕಳೂ ಚೆನ್ನಾಗಿದ್ದಾರೆ, ಹಿಮ ಬೀಳುವ ಊರಿನಲ್ಲಿ ಬೆಳೆದ ಮಕ್ಕಳೂ ಚೆನ್ನಾಗಿದ್ದಾರೆ. ಮಗುವನ್ನು ಕೆಡಿಸುವುದು ಅದರ ಮೈಯನ್ನು, ಮಾತನ್ನು ಸಾಕ್ಷಿಕಟ್ಟೆಗೆ ಏರಿಸುವುದು. ‘ಅಮೆರಿಕದ ಚಳಿ ಇವಳಿಗೆ ಆಗದು’ ಎಂದು ಒಬ್ಬರು ಚೀಟಿ ಕೇಳುತ್ತಾರೆ. ‘ಇಲ್ಲಿನ ಧೂಳಿಗೆ ಇವನಿಗೆ ಉಬ್ಬಸ ಹೆಚ್ಚಾಗಿದೆ’ ಎಂದು ಇನ್ನೊಬ್ಬರು ಕೇಳುತ್ತಾರೆ. ಉಬ್ಬಸಕ್ಕೆ ಎರಡೂ ದೇಶದಲ್ಲಿ ಇನ್‌ಹೇಲರ್ ಇದೆ. ಕಾಯಿಲೆಯನ್ನು ಹಿಡಿದು ಮಗುವನ್ನು ಇಟ್ಟುಕೊಳ್ಳಬಹುದು ಎಂದು ಗೊತ್ತಾದ ಮನೆಯಲ್ಲಿ ಮಗು ಗುಣವಾಗುವುದು ಕಷ್ಟ. ಗುಣವಾಗುವುದು ಯಾರಿಗೂ ಬೇಕಿರುವುದಿಲ್ಲ!

ವೈದ್ಯ ಮಿತ್ರರಿಗೂ ಒಂದು ಮಾತು. 2002ರ ವೈದ್ಯಕೀಯ ಶಿಷ್ಟಾಚಾರ ನಿಯಮಗಳಂತೆ ಸುಳ್ಳು ಅಥವಾ ದಾರಿ ತಪ್ಪಿಸುವ ಪ್ರಮಾಣಪತ್ರ ಕೊಡುವುದು ವೃತ್ತಿ ದೋಷ. ನಾವು ಕಂಡದ್ದನ್ನು ಬರೆಯೋಣ: ಇಂಥ ದಿನ ಪರೀಕ್ಷಿಸಿದೆ, ತೂಕ ಇಷ್ಟು, ಈ ಪರೀಕ್ಷೆಗಳ ಫಲಿತಾಂಶ ಹೀಗಿದೆ. ಮಗು ಯಾರ ಬಳಿ ಇರಬೇಕೆಂದು ಬರೆಯುವ ಕೆಲಸ ನಮ್ಮದಲ್ಲ. ಕೋರ್ಟಿಗೆ ತಜ್ಞರ ಅಭಿಪ್ರಾಯ ಬೇಕಾದರೆ ಅದೇ ಮಕ್ಕಳ ಮನೋವೈದ್ಯರ ಬಳಿಗೆ ಕಳಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಿಂಜರಿಕೆ ಸಲ್ಲದು. ಮಗುವಿನ ಮೈಮೇಲೆ ಹೊಡೆತದ ಗುರುತಿದ್ದರೆ, ತಾಯಿಗೆ ಹಿಂಸೆಯಾಗಿದ್ದರೆ ಅದನ್ನು ಇದ್ದದ್ದು ಇದ್ದಂತೆ ದಾಖಲಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಂಥ ಮನೆಯಲ್ಲಿ ಮೊದಲು ರಕ್ಷಣೆ, ಉಳಿದದ್ದು ಆಮೇಲೆ. ಸುಳ್ಳು ಚೀಟಿಗಳು ಹೆಚ್ಚಾದಷ್ಟೂ ಇಂಥ ನಿಜವಾದ ದಾಖಲೆಯ ಬೆಲೆಯೂ ಕುಂದುತ್ತದೆ ಎಂಬುದು ನನ್ನ ಭಯ.

ಪಾಲಕರಿಗೆ ಕೆಲವು ಸಲಹೆ

1. ಹೊರಡುವ ವಿಷಯವನ್ನು ಮಗುವಿಗೆ ಮುಂಚೆಯೇ ತಿಳಿಸಿ. ‘ಎರಡು ವಾರ ಅಜ್ಜಿ ಊರಿಗೆ ಹೋಗಿ ಬರೋಣ’ ಎಂದು ಸುಳ್ಳು ಹೇಳಿ ಕರೆತಂದರೆ, ಮುಂದೆ ನೀವು ಆಡುವ ಯಾವ ಮಾತನ್ನೂ ಮಗು ನಂಬುವುದಿಲ್ಲ.

2. ‘ತಪ್ಪು ನಿನ್ನದಲ್ಲ’ ಎಂದು ಬಾಯಿಬಿಟ್ಟು ಹೇಳಿ. ಒಮ್ಮೆ ಹೇಳಿದರೆ ಸಾಲದು.

3. ‘ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ’ ಎಂದು ಯಾರೂ ಕೇಳಬಾರದು. ನೆಂಟರಿಷ್ಟರು ತಮಾಷೆಗೂ ಕೇಳಬಾರದು. ಬುದ್ಧಿ ಬಲಿತ ಮಗುವಿನ ಇಚ್ಛೆಯನ್ನು ನ್ಯಾಯಾಧೀಶರು ಕೇಳಿ ತಿಳಿಯಬಹುದು. ಅದು ಅವರ ಕೆಲಸ.

4. ವಿಡಿಯೊ ಕರೆಗೆ ನಿಗದಿತ ವೇಳೆ ಇರಲಿ. ಇಲ್ಲಿ ರಾತ್ರಿ 8 ಗಂಟೆಯಾದಾಗ ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಹತ್ತೂವರೆ, ಚಳಿಗಾಲವಾದರೆ ಒಂಬತ್ತೂವರೆ. ದುಬೈ ನಮಗಿಂತ ಒಂದೂವರೆ ಗಂಟೆಯಷ್ಟೇ ಹಿಂದೆ. ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿ ಕೂರಿಸಬೇಡಿ. ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡಬೇಡಿ. ಚಿಕ್ಕ ಮಗು ಹತ್ತು ನಿಮಿಷಕ್ಕೆ ಎದ್ದು ಓಡಿದರೆ ‘ನನ್ನ ಮೇಲೆ ಪ್ರೀತಿಯಿಲ್ಲ’ ಎಂದು ಆ ಕಡೆಯವರು ನೊಂದುಕೊಳ್ಳುವುದೂ ಬೇಡ.

5. ಲಸಿಕೆ ಪುಸ್ತಕ, ಅಲರ್ಜಿ ವಿವರ, ಹಳೆಯ ಔಷಧ ಚೀಟಿಗಳ ಪ್ರತಿ ಇಬ್ಬರ ಬಳಿಯೂ ಇರಲಿ. ಜಗಳದಲ್ಲಿ ಲಸಿಕೆ ಪುಸ್ತಕ ಬಚ್ಚಿಟ್ಟವರನ್ನು ನೋಡಿದ್ದೇನೆ. ಅದರಿಂದ ಮಗು ಚುಚ್ಚಿಸಿಕೊಂಡ ಲಸಿಕೆಯನ್ನೇ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ. ವಿದೇಶದ ಶಾಲೆಗಳು ಲಸಿಕೆಯ ದಾಖಲೆ ಕೇಳುತ್ತವೆ. ಅಲ್ಲಿನ ಪಟ್ಟಿಗೂ ನಮ್ಮ ಸರ್ಕಾರಿ ಪಟ್ಟಿಗೂ ವ್ಯತ್ಯಾಸವಿದೆ. ಉದಾಹರಣೆಗೆ, ಇಲ್ಲಿ ಉಚಿತವಾಗಿ ಕೊಡುವ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಮಂಗನಬಾವಿನ ಲಸಿಕೆ ಸೇರಿರುವುದಿಲ್ಲ.

6. ಚಿಕಿತ್ಸೆಗೋ ರಜೆಗೋ ಮಗುವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ಯುವಾಗ ಹೋಗುವ, ಮರಳುವ ದಿನಾಂಕವನ್ನು ಬರೆದು ಇಬ್ಬರೂ ಸಹಿ ಹಾಕಿ. ಅದನ್ನು ಪಾಲಿಸಿ.

7. ವಕೀಲರ ಬಳಿ ಹೋಗುವ ಮೊದಲು ಒಮ್ಮೆ ಮಧ್ಯಸ್ಥಿಕೆಯನ್ನು ಯೋಚಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಮಕ್ಕಳಿಗೆ ಕಾನೂನು ನೆರವು ಉಚಿತ.

8. ಎರಡು ವಾರ ಮೀರಿ ಮಗು ಊಟ, ನಿದ್ದೆ, ಆಟ ಬಿಟ್ಟರೆ ಮಕ್ಕಳ ತಜ್ಞರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಅಜ್ಜ ಅಜ್ಜಿಯರಿಗೆ ಒಂದು ವಿನಂತಿ. ಮಗಳೋ ಮಗನೋ ನೊಂದು ಮನೆಗೆ ಬಂದಾಗ ನಿಮ್ಮ ಕರುಳು ಚುರ್ ಎನ್ನುವುದು ಸಹಜ. ಆದರೆ ಮೊಮ್ಮಗುವಿನ ಎದುರು ಅಳಿಯನನ್ನೋ ಸೊಸೆಯನ್ನೋ ಬೈಯಬೇಡಿ. ಆ ಮಗುವಿನ ಮೂಗು ಅಪ್ಪನದ್ದಿರಬಹುದು, ನಗು ಅಮ್ಮನದ್ದಿರಬಹುದು. ಒಬ್ಬರನ್ನು ಕೆಟ್ಟವರೆಂದರೆ ತನ್ನಲ್ಲಿ ಅರ್ಧ ಕೆಟ್ಟದ್ದಿದೆ ಎಂದು ಮಗು ತಿಳಿಯುತ್ತದೆ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಎರಡನೆಯ ಸಲ ಬಂದಾಗ ನಾನು ಔಷಧ ಬರೆಯಲಿಲ್ಲ. ಅಜ್ಜಿ, ತಾಯಿ ಇಬ್ಬರನ್ನೂ ಕರೆಸಿ ಕೂರಿಸಿ, ನನ್ನ ಚೀಟಿ ತಪ್ಪಾಗಿತ್ತು ಎಂದು ಹೇಳಿದೆ. ಹುಡುಗ ಕೇಳಿದ ಪ್ರಶ್ನೆಯನ್ನು ಅವರ ಮುಂದಿಟ್ಟೆ. ತಾಯಿ ಬಹಳ ಹೊತ್ತು ಸುಮ್ಮನಿದ್ದು, ಆ ವಾರದಿಂದ ತಂದೆಗೆ ಫೋನು ಹಚ್ಚಿಕೊಡುವುದಾಗಿ ಹೇಳಿದರು. ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ. ಹುಡುಗ ತಾಯಿಯ ಬಳಿಯೇ ಉಳಿದ. ಆದರೆ ಪ್ರತಿ ಭಾನುವಾರ ರಾತ್ರಿ ಅಪ್ಪನೊಂದಿಗೆ ಮಾತು ನಡೆಯಿತು, ಮುಂದಿನ ರಜೆಯಲ್ಲಿ ಅಪ್ಪ ಗೇಟು ದಾಟಿ ಒಳಗೆ ಬಂದರು. ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ, ಮೆಲ್ಲಮೆಲ್ಲನೆ ಕಡಿಮೆಯಾಯಿತು. ಆರು ತಿಂಗಳ ನಂತರ ಕೆಮ್ಮಿಗೆಂದು ಬಂದಾಗ ತೂಕ ನೋಡಿದೆ. ಒಂದೂವರೆ ಕೆ.ಜಿ. ಏರಿದ್ದ.